ವಯಸ್ಸು ಕೇಳಲು ಹೋದವನ ಪಾಡು

ನೆಟ್ಟಗೆ ಹೋಗಿ ನೆಟ್ಟಗೆ ಮಾತಾಡಿದರೂ ಜನ ನನ್ನನ್ನು ನಂಬುವುದಿಲ್ಲ. ಹಣೆಯ ವಿಭೂತಿಯಂತೆ ಇದೂ ನನಗೆ ಅಭ್ಯಾಸವಾಗಿಬಿಟ್ಟಿದೆ.

ಹೊಸಪೇಟೆಯ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತ, ಮನುಷ್ಯರ ಆಯಸ್ಸಿನ ಲೆಕ್ಕದ ಮೇಲೆ ಪಿಎಚ್‌ಡಿ ಹಿಡಿದಿದ್ದೆ. ಜನ ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಬದುಕಿದರೆ ಪಿಂಚಣಿ ಕೊಡುವವರ ಗತಿ ಏನು ಎಂಬುದು ವಿಷಯ. "ದೀಪಾವಳಿಯೊಳಗೆ ಊರೂರಿನ ಹಿರಿಯರ ವಯಸ್ಸು ತರದಿದ್ದರೆ ಪಿಎಚ್‌ಡಿ ಮರೆತುಬಿಡಿ" ಎಂದರು ಗೈಡು.

ಸಂಡೂರಿನ ಕಟ್ಟೆ

ಗಣಿ ಜೋರಾಗಿದ್ದ ಕಾಲ. ಕಾಗದ ಹಿಡಿದು ಬಂದವರೆಲ್ಲ ಹೊಲ ಕೇಳುವ ಅದಿರಿನ ದಲ್ಲಾಳಿಗಳೇ. ಕಟ್ಟೆಯ ಮೇಲಿದ್ದ ಯಜಮಾನರು ನನ್ನನ್ನು ಕಂಡವರೇ, "ಹೊಲ ಕೊಡಾಂಗಿಲ್ರಿ" ಎಂದರು.

"ಹೊಲ ಬ್ಯಾಡ್ರಿ. ನಿಮ್ಮ ವಯಸ್ಸು ಹೇಳ್ರಿ, ಸಾಕು."

"ಹಿಂದ ಬಂದ ದಲ್ಲಾಳಿ ಆರೋಗ್ಯ ಕೇಳಿ ಶುರು ಮಾಡಿದ್ದ. ನೀವು ವಯಸ್ಸಿಂದ ಶುರು ಮಾಡೀರಿ!"

ಮೆಟ್ರಿಯ ಅಜ್ಜ

ಹಿರಿಯರ ವಯಸ್ಸು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ನಾನೂ ದೈವಭಕ್ತನೇ, ಅಲ್ಲಗಳೆಯಲಾರೆ. ಮೆಟ್ರಿಯಲ್ಲಿ ಒಬ್ಬ ಅಜ್ಜನ ಮನೆಗೆ ಹೋದರೆ, ಸೊಸೆ ಬಾಗಿಲಿಗೆ ಅಡ್ಡ ನಿಂತಳು.

"ಅಜ್ಜಾರು ಅದಾರೇನವ್ವ?"

"ತೀರಿಕೊಂಡು ಭಾಳ ದಿನ ಆತ್ರಿ."

ಒಳಗಿಂದ ಕೆಮ್ಮಿದ ಸದ್ದು. ಹಿಂದೆಯೇ ಒಂದು ಗಟ್ಟಿ ದನಿ: "ವಯಸ್ಸು ಕೇಳಾವ ಬಂದಾನೇನವ್ವ? ನಾ ಸತ್ತೀನಿ ಅಂತ ಹೇಳಿ ಕಳಸು!"

ಕಂಪ್ಲಿಯ ಬಾಳೆಹಣ್ಣು

ಅಕ್ಕಿ ಗಿರಣಿಯ ಹಿರಿಯ ಸಾಹುಕಾರರು ಮಾತ್ರ ಕುಂದ್ರಿಸಿ, ವಿಷಯ ಏನೆಂದು ಕೇಳಿದರು. ಎಲ್ಲ ಬಿಡಿಸಿ ಹೇಳಿದೆ.

"ಅಂದ್ರ ನಾವು ಜಲ್ದಿ ಹೋದಷ್ಟೂ ನಿಮ್ಮ ಪಿಂಚಣಿಯವರಿಗೆ ಚಲೋ. ಹೌದಲ್ರೀ?"

"ಹಂಗಲ್ರೀ..." ಎನ್ನುತ್ತ, ಮಾತು ತಿರುಗಿಸಲು, ಹಂಪಿ ವಿರೂಪಾಕ್ಷನ ಗುಡಿಯಿಂದ ತಂದಿದ್ದ ಪ್ರಸಾದದ ಬಾಳೆಹಣ್ಣು ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡರು, ಮೂಸಿದರು, ನನ್ನ ಕೈಗೇ ವಾಪಸಿಟ್ಟರು.

"ಮೊದಲು ನೀವು ತಿನ್ರಿ."

ನಮ್ಮ ಮನೆ

ದೀಪಾವಳಿ ಹತ್ತಿರ ಬಂತು. ಒಂದು ವಯಸ್ಸೂ ಸಿಕ್ಕಿಲ್ಲ. ಜಪಕ್ಕೆ ಕೂತಿದ್ದ ಅವ್ವನ ಮುಂದೆ ಹೋಗಿ ಕೂತೆ.

"ಅವ್ವ, ನಿನ್ನ ವಯಸ್ಸೆಷ್ಟು?"

ಜಪಮಣಿ ನಿಂತಿತು. "ಯಾರು ಕೇಳಂದ್ರು? ನಿನ್ನ ಹೆಂಡ್ತೀನಾ?"

"ನಾ ಯಾಕ ಕೇಳಸ್ಲಿರೀ ಅತ್ತಿ!" ಎಂದಳು ಹೆಂಡತಿ, ಅಡುಗೆಮನೆಯಿಂದ.

"ನೀ ಹೇಳ್ಲಿಲ್ಲಾಂದ್ರ ನನ್ನ ಓದು ಹಾಳಾಗತೈತವ್ವ" ಎಂದು ಕಾಲು ಹಿಡಿದೆ. ಅವ್ವನ ಮನಸ್ಸು ಕರಗಿತು. ದೇವರ ಕಡೆ ನೋಡಿ, ದೃಷ್ಟಿ ತಾಗದಂತೆ ದನಿ ಇಳಿಸಿ, ಒಂದು ವಯಸ್ಸು ಹೇಳಿದಳು. ಬರೆದುಕೊಂಡೆ. ಲೆಕ್ಕ ಹಾಕಿದೆ. ಇನ್ನೊಮ್ಮೆ ಹಾಕಿದೆ.

"ಅವ್ವ, ಈ ಲೆಕ್ಕದಾಗ ನಾ ನಿನಗಿಂತ ಒಂದು ವರ್ಷ ದೊಡ್ಡಾವ ಆದೆನಲ್ಲ!"

ಅವ್ವ ಮಣಿ ಮುಂದಕ್ಕೆ ಸರಿಸಿದಳು. "ಹಂಗಾರ ಸಾಲ್ಯಾಗ ನಿನ್ನ ವಯಸ್ಸು ತಪ್ಪು ಬರದಾರ. ಜಲ್ದಿ ಹೋಗಿ ತಿದ್ದಿಸ್ಕೊಂಡು ಬಾ."