ಹೆಂಗೂ ವ್ಯಾನಿನಾಗ ಹೊಂಟೀರಿ

ಇಲ್ಲ ಎನ್ನಲು ಬಾರದವನು ವ್ಯಾನು ಕೊಳ್ಳಬಾರದು. ಸ್ಕೂಟರ್ ಇದ್ದಾಗ ಈ ದೌರ್ಬಲ್ಯ ಅಷ್ಟಾಗಿ ಕಾಣುವುದಿಲ್ಲ. ಅದರ ಮೇಲೆ ಹಿಡಿಸುವ ಸಾಮಾನೇ ಸ್ವಲ್ಪ. ಕಾರ್ಖಾನೆಯ ಸ್ಟೋರ್ಸ್ ವಿಭಾಗದಿಂದ ನಿವೃತ್ತನಾದ ಮೇಲೆ ನಾನು ಮಕ್ಕಳನ್ನು ಶಾಲೆಗೆ ಒಯ್ಯುತ್ತಿದ್ದ ಹಳೆಯ ವ್ಯಾನೊಂದನ್ನು ಕೊಂಡು, ಹಿಂದಿನ ಸೀಟು ಕೀಳಿಸಿ, ಪ್ಲೈವುಡ್ಡಿನ ಮಂಚ ಮಾಡಿಸಿ ಗಾದಿ ಹಾಸಿ, ಕಿಟಕಿಗಳಿಗೆ ಪರದೆ ಕಟ್ಟಿದೆ. ಚಹಾ, ಊಟ, ನಿದ್ದೆ ಎಲ್ಲ ವ್ಯಾನಿನಲ್ಲೇ ಆದರೆ ಲಾಡ್ಜಿನ ಖರ್ಚು ಉಳಿಯುತ್ತದೆಂಬುದು ನನ್ನ ಲೆಕ್ಕ. ಹೆಂಡತಿ ಸುಮಿತ್ರಾಳ ಲೆಕ್ಕ ಬೇರೆ. ಅಲ್ಲಿಯವರೆಗೆ ನಮ್ಮ ಪ್ರವಾಸವೆಂದರೆ ನೆಂಟರ ಮನೆ. ನೆಂಟರ ಮನೆಯೆಂದರೆ ನಾನು ಬಿಸಿಲೇರುವವರೆಗೆ ಮಲಗುವುದು, ಅವಳು ನಸುಕಿನಲ್ಲೆದ್ದು ಅವರ ಒಲೆಯ ಮುಂದೆ ನಿಲ್ಲುವುದು. “ಒಂದ್ಸಲರ ಯಾರೂ ಎಬ್ಬಿಸದಂಗ ಮಲಗಬೇಕ್ರಿ, ಅಷ್ಟ” ಎಂದಳು. ಇಷ್ಟು ಸಣ್ಣ ಆಸೆ ನನಗೆ ಈವರೆಗೆ ತಿಳಿದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಬೆಳಗಾವಿ, ಧಾರವಾಡ ಕಡೆ ಹೊರಟಿದ್ದೇವೆಂಬ ಸುದ್ದಿ ಪುಣೆಯ ಕಾತ್ರಜದ ನಮ್ಮ ಕಟ್ಟಡದಲ್ಲಿ ಹಬ್ಬಿತು. ಪುಣೆಯಲ್ಲಿರುವ ನಮ್ಮ ಕಡೆಯವರಿಗೆ, ಯಾರಾದರೂ ಊರಿಗೆ ಹೊರಟರೆ ಏನನ್ನಾದರೂ ಕೊಟ್ಟು ಕಳಿಸದಿದ್ದರೆ ಸಮಾಧಾನವಿಲ್ಲ. ಮೊದಲು ಕೆಳಗಿನ ಮನೆಯ ಮಾಲತಿ ವೈನಿ ಬಂದರು, ಧಾರವಾಡದ ತಂಗಿಗೆಂದು ದೊಡ್ಡ ಸ್ಟೀಲ್ ಡಬ್ಬಿ ತುಂಬ ಪುಣೆಯ ಖಾರದ ತಿನಿಸು ಬಾಕರವಡಿ ಹಿಡಿದು.

“ಹೆಂಗೂ ವ್ಯಾನಿನಾಗ ಹೊಂಟೀರಿ. ಸೀಟ್ ಬ್ಯಾರೆ ತಗಸೀರಿ” ಎಂದರು.

ಡಬ್ಬಿ ತೆಗೆದುಕೊಂಡೆ. ಆಮೇಲೆ ಉಪ್ಪಿನಕಾಯಿ ಭರಣಿಗಳು ಬಂದವು, ಯಾರದೋ ಮೊಮ್ಮಗನಿಗೆ ಈಗ ಸಣ್ಣದಾದ ಸೈಕಲ್ ಬಂತು, ಬೆಳಗಾವಿಯಲ್ಲೇ ರಿಪೇರಿಯಾಗಬೇಕೆಂದು ಹಟ ಹಿಡಿದ ಒಂದು ಮಿಕ್ಸರ್ ಬಂತು. ಸ್ಟೋರ್ಸಿನವನಾದ್ದರಿಂದ ಎಲ್ಲವನ್ನೂ ಬಹಳ ಚೆನ್ನಾಗಿ ಜೋಡಿಸಿದೆ, ಗಾದಿಯ ಮೇಲೆ. ಪ್ರವಾಸದ ಮೊದಲ ರಾತ್ರಿ ಕೊಲ್ಲಾಪುರದ ಹತ್ತಿರ ಪೆಟ್ರೋಲ್ ಪಂಪಿನಲ್ಲಿ ಉಪ್ಪಿನಕಾಯಿ ಮಲಗಿತು, ನಾವಿಬ್ಬರೂ ಮುಂದೆ ಕೂತೆವು. ಸುಮಿತ್ರಾ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನವರೆಗೆ ರಸ್ತೆ ನೋಡಿದಳು. ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಸಾಮಾನು ಇಳಿಸಿದರೆ ಗಾದಿ ತೆರವಾಗುತ್ತದೆಂದು ಧೈರ್ಯ ಹೇಳಿದೆ. ನಮ್ಮ ಮಂದಿ ಬಂದ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ ಎಂಬುದನ್ನು ಮರೆತಿದ್ದೆ. ಬಾಕರವಡಿಯ ಡಬ್ಬಿಯಲ್ಲಿ ಶೇಂಗಾ ಹಿಂಡಿ ತುಂಬಿತು, ಭರಣಿಗಳಲ್ಲಿ ಕುಂದಾ; ಜೊತೆಗೆ ಹೆಂಗೂ ವಾಪಸ್ ಹೊಂಟೀರೆಂದು ಎರಡು ಗಂಟು ಖಟಕ ರೊಟ್ಟಿ. ಬಾಗಿಲಿಗೆ ಬಂದವರನ್ನು ಗಾಡಿಯಲ್ಲಿ ಮಲಗಲು ಬಿಡುತ್ತಾರೆಯೇ? “ನಮ್ಮ ಮನಿ ಏನ್ ಬಿದ್ದ್ ಹೋಗೇದೇನ್ರಿ?” ಎಂದು ಒಳಗೆ ಕರೆದೊಯ್ದರು. ನಾನು ಬಿಸಿಲೇರುವವರೆಗೆ ಮಲಗಿದೆ. ಸುಮಿತ್ರಾ ನಸುಕಿನಲ್ಲೆದ್ದು ಒಲೆಯ ಮುಂದೆ ನಿಂತಳು. ಊರೂರಲ್ಲೂ ಹೀಗೇ ಆಯಿತು.

ಪುಣೆಗೆ ಮರಳಿ ಮನೆಮನೆಗೆ ಡಬ್ಬಿ ಮುಟ್ಟಿಸಿದ ಮರುದಿನ ಎದ್ದು ನೋಡಿದರೆ ಸುಮಿತ್ರಾ ಇಲ್ಲ, ಅವಳ ದಿಂಬೂ ಇಲ್ಲ. ಕೆಳಗೆ ಪಾರ್ಕಿಂಗಿನಲ್ಲಿ ನಮ್ಮ ವ್ಯಾನಿನ ಪರದೆಗಳು ಮುಚ್ಚಿದ್ದವು, ಬಾಗಿಲು ಒಳಗಿನಿಂದ ಲಾಕ್ ಆಗಿತ್ತು. ಮೆಲ್ಲಗೆ ತಟ್ಟಿ, ಚಹಾಪುಡಿ ಎಲ್ಲಿದೆಯೆಂದು ಕೇಳಿದೆ.

“ನಾ ಊರಾಗ ಇಲ್ರಿ” ಎಂದಿತು ಒಳಗಿನ ದನಿ.

ಚಹಾಪುಡಿ ವ್ಯಾನಿನಲ್ಲೇ ಉಳಿದಿರುವುದು ಆಗ ನೆನಪಾಯಿತು. ಮಾಲತಿ ವೈನಿಯ ಬಾಗಿಲಿಗೆ ಹೋಗಿ ನಿಂತೆ; ಪಾಪ, ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಆ ಡಬ್ಬಿ ಈಗ ನನ್ನ ಮುಂದಿದೆ. ಖಾಲಿ ಮರಳಿಸುವಂತಿಲ್ಲ. ಏನಾದರೂ ಮಾಡಿ ತುಂಬಿಸೋಣವೆಂದರೆ, ಸುಮಿತ್ರಾ ಇನ್ನೂ ಊರಿಗೆ ಬಂದಿಲ್ಲ.