ಐದನೇ ತರಗತಿ ನೋಡಿಕೊಳ್ಳುತ್ತಿರುವ ನನ್ನ ಮಗಳಿಗೆ ಒಂದು ದಿನದ ಬಿಡುವು ಕೋರಿ

ನಮ್ಮೂರ ಶಾಲೆಯ ಮಾನ್ಯ ಮುಖ್ಯಗುರುಗಳೇ,

ದಿನಾಲೂ ಮಸ್ಕಿಯಿಂದ ಬರುವ ತಮಗೆ ಬಸ್ಸಿನಲ್ಲಿ ಕಿಟಕಿ ಸೀಟೂ ಶಾಲೆಯಲ್ಲಿ ಬಿಸಿ ಚಹಾ, ಹೊಸ ಪೇಪರೂ ತಪ್ಪದೆ ಸಿಗಲೆಂದು ಹಾರೈಸುತ್ತಾ, ಏಳನೇ ತರಗತಿಯ ವಸೀಮಾಳ ತಾಯಿಯಾದ ನಾನು ಊರವರೆಲ್ಲರ ಎದುರಿಗೆ ಮಾಡಿಕೊಳ್ಳುವ ವಿನಂತಿ.

ಜಾಣ ಮಕ್ಕಳನ್ನು ಗುರುತಿಸುವುದರಲ್ಲಿ ತಮ್ಮಂಥವರು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ನನ್ನ ಮಗಳು ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿ ಕೈಕಟ್ಟಿ ಕೂತದ್ದನ್ನು ಕಂಡ ತಾವು, ಇನ್ನೂ ಕಠಿಣ ಲೆಕ್ಕ ಕೊಟ್ಟು ಅವಳಿಗೆ ತೊಂದರೆ ಮಾಡದೆ, ಕೈಗೊಂದು ಚಾಕ್‌ಪೀಸು ಕೊಟ್ಟು ಟೀಚರಿಲ್ಲದ ಐದನೇ ತರಗತಿಗೆ ಕಳಿಸಿಬಿಟ್ಟಿರಿ. ಜೂನ್‌ನಿಂದ ಅಲ್ಲೇ ಇದ್ದಾಳೆ. ಆ ಮಕ್ಕಳು ಭಾಗಾಕಾರದಲ್ಲಿ ಪಳಗಿದ್ದಾರೆ, ತಾವು ಪೇಪರನ್ನು ಕೊನೆಯ ಪುಟದವರೆಗೂ ಓದುತ್ತಿದ್ದೀರಿ, ಏಳನೇ ತರಗತಿಯ ಪಾಠ ಮಾತ್ರ ನನ್ನ ಮಗಳ ಕಿವಿಗೆ ಬಿದ್ದಿಲ್ಲ.

ಮನೆಗೂ ಶಿಸ್ತು ಬಂದಿದೆ. ಮೊನ್ನೆ ಅವಳಪ್ಪ ಇಸ್ಮಾಯಿಲ್‌ಸಾಬ್ ಫೋನಿನಲ್ಲಿ ಜೋರಾಗಿ ಮಾತಾಡಿದ್ದಕ್ಕೆ, "ಅಬ್ಬಾ, ಗದ್ದಲ ಮಾಡಬ್ಯಾಡ್ರಿ, ಹೆಸರು ಬರೀತೀನಿ" ಎಂದವಳು ಅಡುಗೆಮನೆ ಬಾಗಿಲ ಮೇಲೆ ಬರೆದೇಬಿಟ್ಟಳು. ಅಳಿಸುವ ಧೈರ್ಯ ಅವರಿಗಿನ್ನೂ ಬಂದಿಲ್ಲ.

ಈಗ ಬರುವ ಶನಿವಾರ ಲಿಂಗಸುಗೂರಿನಲ್ಲಿ ಜಾಣ ಮಕ್ಕಳಿಗೆ ಗಣಿತ ಶಿಬಿರವಿದೆ, ಅದಕ್ಕೆ ತಮ್ಮ ಒಪ್ಪಿಗೆ ಪತ್ರ ಬೇಕು. ಕೇಳಲು ಬಂದ ನನಗೆ ತಾವು, "ಆಕಿ ಹೋದ್ರ ಐದನೇ ಕ್ಲಾಸು ಯಾರು ನೋಡ್ತಾರ್ರೀ ಅಮ್ಮಾ?" ಎಂದು ಕೇಳಿದಿರಿ. ಸಿಟ್ಟು ಬಂತು ಗುರುಗಳೇ, ದಾರಿಯಲ್ಲಿ ನಗುವೂ ಬಂತು. ಆದರೆ ಮನೆಯಲ್ಲಿ ಅವಳು, "ನನಗ ಬರಲಾರದ ಲೆಕ್ಕ ಅಲ್ಲಿ ಇರ್ತಾವಂತ, ಅಮ್ಮೀ" ಎಂದು ಆಸೆಯಿಂದ ಹೇಳಿದಾಗ ಈ ಪತ್ರ ಬರೆಯಲು ಕೂತೆ.

ಆದ್ದರಿಂದ ತಾವು ದಯಮಾಡಿ ಅವಳನ್ನು ಏಳನೇ ತರಗತಿಯಲ್ಲೇ ಫೇಲು ಮಾಡಿ ಕಾಯಂ ಮಾಡಿಕೊಳ್ಳಬೇಕು, ವಯಸ್ಸಾದ ಮೇಲೆ ಶಾಲು ಹೊದಿಸಿ ನಿವೃತ್ತಿಗೊಳಿಸಬೇಕು. ಅದು ಕಷ್ಟವೆನಿಸಿದರೆ, ಶನಿವಾರ ಒಂದು ದಿನ ಐದನೇ ತರಗತಿಗೆ ತಾವೇ ಹೋಗಬೇಕು. ಮಕ್ಕಳು ಒಳ್ಳೆಯವರು, ತಿಳಿಯದಿದ್ದರೆ ಹೇಳಿಕೊಡುತ್ತಾರೆ.

ತಮ್ಮ ವಿಶ್ವಾಸಿ, ತಮ್ಮ ಸಿಬ್ಬಂದಿಯೊಬ್ಬಳ ತಾಯಿ,
ರಹೀಮಾಬೀ

ತಾ.ಕ.: ಅಕ್ಷರ ಚೆಂದವೆಂದು ಶಾಲೆಯ ಪತ್ರಗಳನ್ನೆಲ್ಲ ತಾವು ವಸೀಮಾಳ ಕೈಯಲ್ಲೇ ಬರೆಸುತ್ತೀರಲ್ಲ, ಈ ಒಪ್ಪಿಗೆ ಪತ್ರವನ್ನೂ ಅವಳೇ ಬರೆದು ತಮ್ಮ ಟೇಬಲ್ಲಿನ ಮೇಲೆ ಇಟ್ಟಿದ್ದಾಳೆ. ಸಹಿಯೊಂದು ಬಾಕಿ. ಅದನ್ನಾದರೂ ತಾವೇ ಮಾಡಬೇಕಾಗಿ ವಿನಂತಿ.