ಹಿತ್ತಲಿನ ಕಲ್ಲಿಗೆ ನಾನು ಮರಳು ತುಂಬಿದ್ದು

ಕೊನೆಯ ಹಾಸುಗಲ್ಲನ್ನು ಕೂರಿಸಿ, ಅದರ ನೆತ್ತಿಗೆ ಮರದ ಸುತ್ತಿಗೆಯಿಂದ ಎರಡೇಟು ಕೊಟ್ಟು, ನಮ್ಮ ಯಜಮಾನರು ಸೊಂಟ ಹಿಡಿದುಕೊಂಡು ಎದ್ದು ನಿಂತರು. ಹಿತ್ತಲಿಗೆ ಕಲ್ಲು ಹಾಸುವುದನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದ ಮನುಷ್ಯ. ದುಡಿದದ್ದೆಲ್ಲ ಬಸ್ಸು ರಿಪೇರಿ ಮಾಡುವ ಶೆಡ್ಡಿನಲ್ಲಿ. ನನಗೆ ವಿಮಾನ ಓಡಿಸಲು ಎಷ್ಟು ಬರುತ್ತದೋ ಅವರಿಗೆ ಕಲ್ಲಿನ ಕೆಲಸ ಅಷ್ಟು ಬರುತ್ತಿತ್ತು.

"ನೋಡೇ, ಆನೆ ನಡೆದ್ರೂ ಅಲುಗಲ್ಲ," ಅಂದರು.

ನಾನು ಕಾಲಿಟ್ಟೆ. ಕಲ್ಲು ಅಲುಗಿತು.

"ಆನೆ ಅಂದೆ ಕಣೇ. ನೀನು ಅಂದ್ನಾ?"

ಕಲ್ಲು ಕಲ್ಲಿನ ನಡುವಿನ ಸಂದು ಇನ್ನೂ ಖಾಲಿ ಇದೆಯಲ್ಲ ಅಂತ ತೋರಿಸಿದೆ. ಅದಕ್ಕೆ ಬೇರೆ ಮರಳಿದೆ, ನೀರು ಸೋಕಿದರೆ ಗಟ್ಟಿಯಾಗುತ್ತದೆ, ತಂದಿಟ್ಟಿದ್ದೇನೆ, ನಾಳೆ ತುಂಬುತ್ತೇನೆ ಅಂದರು. ನಿಮ್ಮ ನಾಳೆಯ ಕಥೆ ಗೊತ್ತಿದೆ ಅಂತ ನಾನು ಬೈದೆ. ನಕ್ಕರು. ಕಾಫಿಗೆ ಸಕ್ಕರೆ ಸಾಲದು ಅಂತ ಗೊಣಗಿಕೊಂಡೇ ಎರಡು ಲೋಟ ಕುಡಿದರು.

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮರಳಿನ ಚೀಲ ಬಾಯಿ ಬಿಚ್ಚದೆ ಒಳಗೆ ಮೂಲೆಯಲ್ಲೇ ಉಳಿಯಿತು. ಸಂದಿನಲ್ಲಿ ಹುಲ್ಲು ಬಂತು, ಇರುವೆ ಸಂಸಾರ ಹೂಡಿತು. ಕಲ್ಲುಗಳು ಹಾಲುಹಲ್ಲಿನ ಹಾಗೆ ಅಲ್ಲಾಡತೊಡಗಿದವು. ಒಂದು ದಿನ ನಮ್ಮತ್ತೆ ಕೋಲೂರಿಕೊಂಡು ಹೋಗುತ್ತಿದ್ದಾಗ ಎಡವಿದರು. ಗೋಡೆ ಇತ್ತು, ಬಚಾವಾದರು. ಸುದ್ದಿ ಕೇಳಿ ಮೈದುನ ಓಡಿ ಬಂದ.

"ಅತ್ತಿಗೆ, ಇದನ್ನೆಲ್ಲ ಕಿತ್ತು ಸಿಮೆಂಟ್ ಸುರಿಸ್ತೀನಿ. ಅಮ್ಮ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡ್ತಾರೆ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಕಿತ್ತ ಕಲ್ಲನ್ನು ಲಾರಿಗೆ ತುಂಬಿ ಎಲ್ಲೋ ಸುರಿಯುತ್ತಾರೆ. ಅವರು ಮೊಣಕಾಲೂರಿ ಕೂರಿಸಿದ ಕಲ್ಲು ಅದು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಬರುವ ಭಾನುವಾರ ಬಾ, ಒಂದು ಕಲ್ಲು ಅಲುಗಿದರೂ ಸಿಮೆಂಟ್ ಸುರಿದುಕೋ, ಅಷ್ಟರಲ್ಲಿ ನಾನೇ ಸಂದು ತುಂಬಿ ತೋರಿಸುತ್ತೇನೆ ಅಂದೆ. ಬಾಯಿಂದ ಬಂದೇಬಿಟ್ಟಿತು! ಗೋಡೆಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡವಳು ನಾನು.

ಚೀಲದ ಮೇಲಿನ ಇಂಗ್ಲಿಷ್ ಅಕ್ಷರ ನನಗೆ ಓದಲು ಬರಲಿಲ್ಲ. ಅಂಗಡಿಯವನನ್ನೇ ಹೋಗಿ ಕೇಳಿದೆ. ಕಲ್ಲು ಒಣಗಿರಬೇಕಂತೆ. ಮರಳು ಸುರಿದು ಪೊರಕೆಯಿಂದ ಸಂದಿಗೆ ತಳ್ಳಬೇಕಂತೆ. ಕಲ್ಲಿನ ಮೇಲೆ ಮಿಕ್ಕಿದ್ದನ್ನು ಒಂದು ಕಾಳೂ ಉಳಿಯದ ಹಾಗೆ ಗುಡಿಸಿ ತೆಗೆಯಬೇಕಂತೆ. ಆಮೇಲೆ ಇಸ್ತ್ರಿ ಬಟ್ಟೆಗೆ ಚಿಮುಕಿಸುವ ಹಾಗೆ ನೀರು ಚಿಮುಕಿಸಬೇಕಂತೆ. ಎಲ್ಲದಕ್ಕೂ ತಲೆಯಾಡಿಸಿ ಬಂದೆ.

ವಾರವಿಡೀ ಮಳೆ. ಬಿಸಿಲು ಬಿದ್ದದ್ದು ಭಾನುವಾರ ಬೆಳಿಗ್ಗೆಯೇ. ಕಲ್ಲು ಒಣಗಿದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಇಳಿದೆ. ಹುಲ್ಲು ಕಿತ್ತೆ, ಇರುವೆಗಳನ್ನು ಒಕ್ಕಲೆಬ್ಬಿಸಿದೆ, ಮರಳು ಸುರಿದು ತಳ್ಳಿದೆ. ಸಂದು ತುಂಬಿತು. ಮೇಲೆ ಒಂದಿಷ್ಟು ಮರಳು ಮಿಕ್ಕಿತು. ಒಳ್ಳೆಯ ಮರಳು! ಮಿಕ್ಕಿದ್ದನ್ನು ಎಸೆಯುವುದು ನನ್ನ ಜನ್ಮದಲ್ಲಿಲ್ಲ. ಮೇಲಿದ್ದರೆ ಇನ್ನೂ ಗಟ್ಟಿ ಅಂತ ಹಾಗೇ ಬಿಟ್ಟೆ. ಇನ್ನು ನೀರು. ಅಷ್ಟು ದೊಡ್ಡ ಹಿತ್ತಲಿಗೆ ಯಾರಾದರೂ ಚಿಮುಕಿಸುತ್ತಾ ಕೂರುತ್ತಾರೆಯೇ? ದಿನಾ ತೊಳೆಯುವ ಪೈಪನ್ನೇ ಬಿಟ್ಟೆ.

ಹಾಲು ಉಕ್ಕಿದ ಹಾಗೆ ಮರಳು ಉಕ್ಕಿ ಎಲ್ಲ ಕಲ್ಲಿನ ಮೇಲೂ ಹರಡಿತು. ಪೊರಕೆಯಿಂದ ತಳ್ಳಿದಷ್ಟೂ ಹರಡಿತು. ಕೊನೆಗೆ ಪೊರಕೆಯೇ ಕಚ್ಚಿಕೊಂಡಿತು, ಅಲ್ಲೇ ಬಿಟ್ಟೆ. ಬೆಕ್ಕು ತುಳಿಯದಂತೆ ಕಾಯಲು ನಡುವೆ ಕುರ್ಚಿ ಹಾಕಿ ಕೂತೆ. ಬಿಸಿಲು ಹಿತವಾಗಿತ್ತು. ಕಣ್ಣು ಹತ್ತಿತು. ಅವರು ಹೋದಮೇಲೆ ನಾನು ಹಾಗೆ ಮೈಮರೆತು ಮಲಗಿದ್ದು ಅದೇ ಮೊದಲು.

ಎಬ್ಬಿಸಿದ್ದು ಅತ್ತೆಯ ಕೂಗು.

"ಏಳೇ! ಯಾರೋ ಕೆಳಗಿಂದ ನನ್ನ ಕೋಲು ಹಿಡ್ಕೊಂಡಿದಾರೆ!"

ನೋಡಲು ಬಂದು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಿದ್ದಾರೆ. ಕೋಲು ಬರುತ್ತಿಲ್ಲ, ಅವರು ಕೋಲನ್ನು ಬಿಡುತ್ತಿಲ್ಲ. ನಾನು ದಡಬಡಿಸಿ ಎದ್ದೆ. ನಾನು ಬಂದೆ, ಚಪ್ಪಲಿ ಬರಲಿಲ್ಲ. ಬರಿಗಾಲಲ್ಲಿ ಓಡಿ ಅತ್ತೆಯನ್ನು ಹಿಡಿದುಕೊಳ್ಳುವುದಕ್ಕೂ, ಮೈದುನ ಗಾರೆಯವನನ್ನು ಕರೆದುಕೊಂಡು ಒಳಗೆ ಬರುವುದಕ್ಕೂ ಸರಿಹೋಯಿತು.

ಕುರ್ಚಿ, ಚಪ್ಪಲಿ, ಪೊರಕೆ, ಕೋಲು. ಎಲ್ಲವನ್ನೂ ಒಂದು ಸುತ್ತು ನೋಡಿದ.

"ಏನತ್ತಿಗೆ ಇದು, ತೋಟ ಮಾಡಿದೀರಾ?"

ಮಾತು ಬೇಡ, ಕಲ್ಲು ನೋಡು ಅಂದೆ. ಅವನು ಒಂದು ಕಲ್ಲು ತುಳಿದ. ಅಲುಗಲಿಲ್ಲ. ಪಕ್ಕದ್ದರ ಮೇಲೆ ಕುಪ್ಪಳಿಸಿದ. ಅಲುಗಲಿಲ್ಲ. ಮೂಲೆಯಿಂದ ಮೂಲೆಗೆ ಕುಣಿದ. ಗಾರೆಯವನು ಹಾರೆ ಕೊಟ್ಟು ಮೀಟಿದ. ಹಾರೆ ಜಾರಿತು, ಕಲ್ಲು ಜಪ್ಪಯ್ಯ ಅಂದರೂ ಕದಲಲಿಲ್ಲ. ಇದನ್ನು ಕೀಳುವುದು ನನ್ನ ಕೈಲಾಗದ ಕೆಲಸ ಅಂತ ಹಾರೆ ಹೆಗಲಿಗೇರಿಸಿಕೊಂಡು ಅವನು ಹೊರಟೇ ಹೋದ.

"ಸೋತೆ ಅತ್ತಿಗೆ. ಇರ್ಲಿ ಬಿಡಿ ಕಲ್ಲು," ಅಂದ ಮೈದುನ.

ನಾನು ಉಬ್ಬಿ ಬಾಗಿಲಗಲ ಆದೆ. ಕಿತ್ತೆಸೆಯಲು ಬಂದವರನ್ನು ಬರಿಗಾಲಲ್ಲಿ ನಿಂತು ಓಡಿಸಿದ್ದೆನಲ್ಲ! ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿಕೊಂಡು ನೆಲವನ್ನೇ ಹುಡುಕುತ್ತಿದ್ದರು. ನಾನೂ ಬಗ್ಗಿ ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಗಟ್ಟಿಯಾದ ಮರಳಿನ ಬೂದು ಬಣ್ಣದ ಒಂದೇ ಹಕ್ಕಳೆ.

"ಅವನು ಸಿಮೆಂಟ್ ಸುರೀತೀನಿ ಅಂದಿದ್ದಕ್ಕೆ ಜಗಳ ಆಡ್ದೆ," ಅಂದರು ಅತ್ತೆ. "ಈಗ ನೀನೇ ಸುರಿದಿದೀಯಲ್ಲೇ. ನನ್ನ ಮಗ ಹಾಕಿದ ಕಲ್ಲೆಲ್ಲಿ?"

ಮೈದುನ ನಗಲು ಶುರು ಮಾಡಿದ. ಅತ್ತೆಯೂ ನಕ್ಕರು. ಆಮೇಲೆ ನನಗೂ ತಡೆಯಲಾಗಲಿಲ್ಲ. ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಬಿಸಿನೀರು ಹೊಯ್ದು ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಹಕ್ಕಳೆ ಏಳುತ್ತದೆ ಅಂದ ಅಂಗಡಿಯವನು. ಹಾಗಾಗಿ ಈಗ ದಿನಾ ಬೆಳಿಗ್ಗೆ ಎದ್ದು ನೀರು ಕಾಯಿಸುತ್ತೇನೆ, ಮಣೆ ಹಾಕಿಕೊಂಡು ಒಂದು ಕಲ್ಲು ಉಜ್ಜುತ್ತೇನೆ. ಅತ್ತೆ ಬಾಗಿಲಲ್ಲಿ ಕೂತು, ಅಲ್ಲಿ ಉಳೀತು, ಇಲ್ಲಿ ಉಳೀತು ಅಂತ ತೋರಿಸುತ್ತಾರೆ. ಉಜ್ಜುತ್ತ ಹೋದರೆ ಕಲ್ಲಿನ ಕೆಂಪು ಕಾಣುತ್ತದೆ, ಆಮೇಲೆ ಅಂಚು. ಇಲ್ಲಿಯ ತನಕ ಈಚೆ ಬಂದ ಕಲ್ಲುಗಳಲ್ಲಿ ಒಂದಾದರೂ ನೆಟ್ಟಗಿಲ್ಲ. ಮಹರಾಯ ಎಲ್ಲವನ್ನೂ ಸೊಟ್ಟಗೆ ಕೂರಿಸಿದ್ದಾರೆ. ಬೈದುಕೊಂಡೇ ಉಜ್ಜುತ್ತೇನೆ.